ಬೆಟ್ಟ ಹತ್ತೊಂಬತ್ತರ ಒರತೆ

ಬೂಸಾನ್ ಬಂದರಿನ ಹಿಂದೆ ಎದ್ದಿರುವ ಆ ಗುಡ್ಡದ ಮೇಲೆ ಮುನ್ನೂರು ಚಿಲ್ಲರೆ ಮನೆಗಳು, ಎಲ್ಲಕ್ಕೂ ಸೇರಿ ವಿಳಾಸ ಒಂದೇ: ದೊಲ್ಸೇಂ ಬಡಾವಣೆ, ಬೆಟ್ಟ ಹತ್ತೊಂಬತ್ತು. ಸರ್ಕಾರದ ಹಳೆಯ ಪುಸ್ತಕದಲ್ಲಿ ಅದು ಮನೆ ಕಟ್ಟುವ ಜಾಗವೇ ಅಲ್ಲ, ಹತ್ತೊಂಬತ್ತನೇ ನಂಬರಿನ ಬರೀ ಬೆಟ್ಟ. ಎಪ್ಪತ್ತು ವರ್ಷದ ಹಿಂದೆ, ಉತ್ತರ-ದಕ್ಷಿಣದ ಯುದ್ಧದ ಚಳಿಗಾಲದಲ್ಲಿ ಉತ್ತರದಿಂದ ಹಡಗಿನಲ್ಲಿ ಬಂದಿಳಿದವರು ಅಲ್ಲಿ ತಗಡು, ಹಲಗೆ, ಡಾಂಬರು ಬಳಿದ ಕಾಗದ ಸಿಕ್ಕಿಸಿ ಗುಡಿಸಲು ಎಬ್ಬಿಸಿಕೊಂಡಾಗ ಯಾರೂ ಮನೆ ನಂಬರು ಕೇಳಲಿಲ್ಲ, ಯಾರೂ ಕೊಡಲೂ ಇಲ್ಲ. ಈಗ ಪ್ರತಿ ಬಾಗಿಲಿಗೂ ನೀಲಿ ಫಲಕ ಬಡಿದು ಬೀದಿಗೊಂದು ಹೆಸರು, ಮನೆಗೊಂದು ನಂಬರು ಅಂತ ಮಾಡಿದ್ದಾರೆ. ಮುದುಕರು ಮಾತ್ರ ಆ ಫಲಕದ ಮೊಳೆಗೆ ಬೆಳ್ಳುಳ್ಳಿ ಗೊಂಚಲು ನೇತುಹಾಕಿಕೊಂಡು, ಯಾರಾದರೂ ಕೇಳಿದರೆ ಬೆಟ್ಟ ಹತ್ತೊಂಬತ್ತು ಎಂದೇ ಹೇಳುತ್ತಾರೆ.

ಮೆಟ್ಟಿಲುಗಳ ನಡುವಿನ ತಿರುವಿನಲ್ಲಿ ದಲ್ಸುನ್‌ಳ ಅಂಗಡಿ. ಒಂದು ಕಾಲದಲ್ಲಿ ಗುಡ್ಡದ ಎಲ್ಲ ಕಾಗದಗಳೂ ಅಲ್ಲಿಗೇ ಬರುತ್ತಿದ್ದವು. ಅಂಚೆಯವನು ಅದಕ್ಕಿಂತ ಮೇಲೆ ಹತ್ತುತ್ತಿರಲಿಲ್ಲ; ಅವನಿಗೂ ಮೊಣಕಾಲಿದ್ದವು. ಸೇಬಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ ಗೂಡು ಮಾಡಿ, ಮೊದಲು ದಲ್ಸುನ್‌ಳ ಅತ್ತೆ, ಆಮೇಲೆ ದಲ್ಸುನ್, ಯಾರ ಕಾಗದ ಯಾರಿಗೆ ಎಂದು ಹಂಚುತ್ತಿದ್ದರು. ಲಕೋಟೆಯ ಮೇಲೆ ‘ಬೆಟ್ಟ ಹತ್ತೊಂಬತ್ತು, ಕೆಮ್ಮುವ ಮುದುಕನ ಪಕ್ಕದ ಮನೆ’ ಎಂದಿರುತ್ತಿತ್ತು. ಕೆಮ್ಮುವ ಮುದುಕ ಸತ್ತು ಹನ್ನೊಂದು ವರ್ಷವಾದರೂ ಆ ವಿಳಾಸ ಬದಲಾಗಲಿಲ್ಲ, ಕಾಗದ ತಪ್ಪಲೂ ಇಲ್ಲ. ಈಗ ಗೂಡುಗಳಲ್ಲಿ ಶಾವಿಗೆ ಪೊಟ್ಟಣ, ಮೇಣದಬತ್ತಿ, ಬೆಕ್ಕು.

ಮದುವೆಯಾದ ಹೆಂಗಸನ್ನು ಹೆಸರು ಹಿಡಿದು ಕರೆಯುವುದು ಆ ಜನಕ್ಕೆ ಒಗ್ಗದು. ತವರೂರಿನ ಹೆಸರು ಹಿಡಿದು ಕರೆಯುತ್ತಾರೆ. ವೊನ್ಸಾನಿನಿಂದ ಬಂದವಳು ವೊನ್ಸಾನಕ್ಕ, ಸೊಂಗ್ಜಿನಿನವಳು ಸೊಂಗ್ಜಿನಕ್ಕ. ಎಲ್ಲವೂ ಗಡಿಯಾಚೆಯ ಊರುಗಳು, ಎಪ್ಪತ್ತು ವರ್ಷಗಳಿಂದ ಇಲ್ಲಿಂದ ಒಂದು ಕಾಗದವೂ ಹೋಗದ ಊರುಗಳು. ಬೆಳಗಿನ ಹೊತ್ತು ಸಮುದ್ರದ ಮಂಜು ಮೆಟ್ಟಿಲು ಹತ್ತಿ ಬಂದು ಒಂದೊಂದೇ ಸೂರು ನುಂಗುವಾಗ, ಹೆಂಗಸರು ಕಾಣದೆ ಅವರ ಕೂಗಷ್ಟೇ ಕೇಳಿಸುತ್ತಿತ್ತು. ಓಡುವುದನ್ನು ನಿಲ್ಲಿಸಿದ ರೈಲಿನ ನಿಲ್ದಾಣಗಳನ್ನು ಯಾರೋ ಕೂಗಿ ಹೇಳಿದ ಹಾಗೆ: ವೊನ್ಸಾನ್, ಹಾಮ್ಹುಂಗ್, ಬುಕ್ಚೊಂಗ್, ದಾನ್ಚೊನ್, ಸೊಂಗ್ಜಿನ್.

ಈ ಸಾಲಿನಲ್ಲಿ ಒಂದು ಹೆಸರು ಮಾತ್ರ ಹೊಂದುತ್ತಿರಲಿಲ್ಲ. ದಲ್ಸುನ್‌ಳನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಲ್ಸೇಮಕ್ಕ ಎಂದು. ಇದ್ದ ಊರಿನ ಹೆಸರನ್ನೇ ತವರಿನ ಹೆಸರಾಗಿ ಹೊತ್ತವಳು ಗುಡ್ಡಕ್ಕೆಲ್ಲ ಅವಳೊಬ್ಬಳೇ.

ಅದಕ್ಕೆ ಕಾರಣ ಗುಡ್ಡದ ಎಲ್ಲರಿಗೂ ಗೊತ್ತು. ಯುದ್ಧದ ಆ ಡಿಸೆಂಬರಿನಲ್ಲಿ, ಉತ್ತರದ ಬಂದರಿನಲ್ಲಿ, ಹಡಗಿಗೆ ನುಗ್ಗುತ್ತಿದ್ದ ಜನಜಂಗುಳಿಯ ನಡುವೆ ನಾಲ್ಕು ವರ್ಷದ ಮಗುವೊಂದು ಯಾರೋ ಹೆಂಗಸಿನ ಲಂಗದ ಅಂಚು ಹಿಡಿದುಕೊಂಡಿತು. ದಾನ್ಚೊನಿನಿಂದ ಬಂದಿದ್ದ ಆ ಹೆಂಗಸು, ತಾಯಿ ಹಿಂದೆಯೇ ಬರುತ್ತಿರಬೇಕು ಅಂದುಕೊಂಡಳು. ಹಡಗು ದಡ ಬಿಟ್ಟ ಮೇಲೆ ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ, ಲಂಗ ಹಿಡಿದ ಕೈ ಮಾತ್ರ ಬಿಟ್ಟಿರಲಿಲ್ಲ. ನಿನ್ನ ಹೆಸರೇನು ಎಂದರೆ ಮಗು ‘ಪಾಪು’ ಎಂದಿತು. ಅಮ್ಮನ ಹೆಸರೇನು ಎಂದರೆ ‘ಅಮ್ಮ’ ಎಂದಿತು. ಊರು ಯಾವುದು ಎಂದರೆ ಅಳತೊಡಗಿತು. ದಾನ್ಚೊನಮ್ಮ ಅದಕ್ಕೆ ದಲ್ಸುನ್ ಎಂದು ಹೆಸರಿಟ್ಟು ಸಾಕಿದಳು, ಮದುವೆಯನ್ನೂ ಮಾಡಿದಳು. ಗಂಡನ ಮನೆ ಹದಿನೆಂಟು ಮೆಟ್ಟಿಲು ಕೆಳಗೆ. ಸೊಸೆಯನ್ನು ಏನೆಂದು ಕರೆಯುವುದು ಎಂದು ಹೆಂಗಸರೆಲ್ಲ ಒಂದು ಸಂಜೆ ತಲೆ ಕೆಡಿಸಿಕೊಂಡು ಕೊನೆಗೆ ದೊಲ್ಸೇಮಕ್ಕ ಎಂದು ತೀರ್ಮಾನಿಸಿದರು. ‘ನಿಂಗೇನವ್ವ, ತವರಿಗೆ ಹೋಗ್ಬೇಕಂದ್ರೆ ಹಿಂದೆ ತಿರುಗಿ ನೋಡಿದ್ರೆ ಸಾಕು’ ಎಂದು ಛೇಡಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಗಂಡ ಹೋದ, ಸಾಕಿದ ತಾಯಿ ಹೋದಳು, ಮಕ್ಕಳಾಗಲಿಲ್ಲ. ಎಪ್ಪತ್ತೇಳು ತುಂಬಿದ ದಲ್ಸುನ್‌ಗೆ ತನ್ನದೆಂದು ಹೇಳಿಕೊಳ್ಳಲು ಆ ಹೆಸರೊಂದು ಉಳಿದಿತ್ತು.

ಸುಗ್ಗಿಯ ಹುಣ್ಣಿಮೆ ಹಬ್ಬ ಮುಗಿದ ಮಾರನೇ ವಾರ, ಮಂಜು ಇನ್ನೂ ಅಂಗಡಿಯ ಹೊಸಿಲಲ್ಲೇ ಕೂತಿರುವಾಗ, ಬಡಾವಣೆ ಕಚೇರಿಯ ಹೆರಿನ್ ಏದುಸಿರು ಬಿಡುತ್ತ ಬಂದಳು. ಮೂವತ್ತರ ಒಳಗಿನ ಹುಡುಗಿ, ಎದೆಗೆ ಅಪ್ಪಿಕೊಂಡ ಕಡತ ಅವಳಿಗಿಂತ ದಪ್ಪಗಿತ್ತು.

“ಅಜ್ಜಿ, ಈ ಮೆಟ್ಲು ಕಟ್ಟಿದೋರು ಯಾರು? ಅವ್ರನ್ನ ನಾನು ಒಂದ್ಸಲ ನೋಡ್ಬೇಕು.”

“ಸತ್ತೋದ್ರು. ಹತ್ತೀನೇ ಸತ್ತೋದ್ರು. ಕೂತ್ಕೊ, ಬಾರ್ಲಿ ನೀರು ಬಿಸಿ ಇದೆ.”

ಹೆರಿನ್ ಕುಡಿದು, ಉಸಿರು ಹಿಡಿದುಕೊಂಡು ಹೇಳಿದಳು. ಜನ ಕಡಿಮೆಯಾದ ಕಾರಣ ದೊಲ್ಸೇಂ ಬಡಾವಣೆಯನ್ನು ಕೆಳಗಿನ ಬಡಾವಣೆಯ ಜೊತೆ ಸೇರಿಸುತ್ತಾರೆ. ಸೇರಿದ ಮೇಲೆ ಹೆಸರು ಯಾವುದು ಎಂದು ಒಂದು ಸಮಿತಿ ಕೂತಿದೆ. ಕೆಳಗಿನ ಹೊಸ ಅಪಾರ್ಟ್‌ಮೆಂಟಿನವರಿಗೆ ‘ಹೊಸ ಆಕಾಶ’ ಎಂಬ ಹೆಸರು ಬೇಕಂತೆ. ದೊಲ್ಸೇಂ ಎಂಬ ಹಳೆಯ ಹೆಸರು ಉಳಿಯಬೇಕಾದರೆ ಅದಕ್ಕೊಂದು ಆಧಾರ ತೋರಿಸಬೇಕು.

“ದೊಲ್ಸೇಂ ಅಂದ್ರೆ ಕಲ್ಲೊರತೆ ತಾನೇ? ಕಲ್ಲೊರತೆ ಎಲ್ಲಿತ್ತು ಅಂತ ಕೇಳ್ತಾರೆ. ನಂಗೆ ‘ನಮ್ಮ ಬಡಾವಣೆಯ ಗುರುತು ಮತ್ತು ಇತಿಹಾಸ’ ಅಂತ ಒಂದು ಪುಟ ಬರಿಯಕ್ಕೆ ಹೇಳಿದಾರೆ. ಒರತೆ ಜಾಗ ತೋರ್ಸಿ, ಹಳೇ ಕಾಲದೋರು ಒಬ್ರು ಮುದ್ರೆ ಒತ್ತಿಕೊಟ್ರೆ ಹೆಸ್ರು ಉಳಿಯುತ್ತೆ. ಇಲ್ದಿದ್ರೆ ಹೊಸ ಆಕಾಶ.”

“ಆಕಾಶ ಯಾವತ್ತಿಂದ ಹಳೇದಾಯ್ತಂತೆ?” ಎಂದಳು ದಲ್ಸುನ್. ಬಾಯಿ ತಮಾಷೆ ಮಾಡಿತು, ತಲೆ ಬೇರೆಯೇ ಲೆಕ್ಕ ಹಾಕುತ್ತಿತ್ತು. ಹೊಸ ಆಕಾಶ ಬಂದರೆ ತಾನು ಯಾವ ಊರಿನ ಅಕ್ಕ?

ಇಬ್ಬರೂ, ಗುಡ್ಡದ ಮುದುಕರು ಹಗಲು ಹೊತ್ತು ಸೇರುವ ವೃದ್ಧರ ಮನೆಗೆ ಹೋದರು. ಅಲ್ಲಿ ಬೆಚ್ಚನೆಯ ನೆಲದ ಮೇಲೆ ಕಂಬಳಿ ಹಾಸಿ ಹೂವಿನ ಚಿತ್ರದ ಇಸ್ಪೀಟೆಲೆ ಆಡುತ್ತಿದ್ದ ಮುದುಕಿಯರು ಒರತೆ ಎಂದ ಕೂಡಲೇ ಎಲೆ ಕೆಳಗಿಟ್ಟರು. ಎಂಬತ್ತೆಂಟರ ವೊನ್ಸಾನಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದಳು.

“ಯಾಕೆ ಗೊತ್ತಿಲ್ಲ? ದೊಡ್ಡ ನೀರವಂಜಿ ಮರ, ಅದ್ರ ಬುಡದಲ್ಲಿ. ಪಕ್ಕದಲ್ಲೇ ಭತ್ತ ಕುಟ್ಟೋ ನೀರಿನ ಗಿರಣಿ. ಟಕ್ ಟಕ್ ಅಂತಿತ್ತು ಬೆಳಗಾನ.”

“ಗಿರಣಿ ಎಲ್ಲಿ ಬಂತೇ, ಹುಚ್ಚು ಮುದ್ಕಿ?” ಎಂದು ಸೊಂಗ್ಜಿನಕ್ಕ ರೇಗಿದಳು. “ಒರತೆ ಇದ್ದದ್ದು ಸಮುದ್ರದ ದಂಡೇಲಿ. ಉಬ್ಬರ ಬಂದ್ರೆ ಮುಳುಗೋದು, ಇಳಿದ್ರೆ ಸಿಹಿನೀರು. ಮೀನು ತೊಳಿತಿದ್ವಿ.”

“ಸಮುದ್ರ ಗುಡ್ಡ ಹತ್ತಿ ಬರ್ತಿತ್ತಾ ನಿನ್ನ ಮೀನು ತೊಳ್ಯಕ್ಕೆ?”

ಹೀಗೇ ಸಾಗಿತು. ಒಬ್ಬಳು ಏಳು ಪಾವಟಿಗೆ ಇಳಿಯಬೇಕಿತ್ತು ಎಂದಳು. ಇನ್ನೊಬ್ಬಳು ಒರತೆಗೆ ಹೆಂಚಿನ ಸೂರಿತ್ತು, ಏಳನೇ ತಿಂಗಳ ಏಳಕ್ಕೆ ತೊಳೆದು ಅಕ್ಕಿ ಕಡುಬು ಇಡುತ್ತಿದ್ದೆವು ಎಂದಳು. ಎಲ್ಲರ ಮುಖದಲ್ಲೂ ಒಂದೇ ಬಗೆಯ ತೇವ, ಒಂದೇ ಬಗೆಯ ಖಾತರಿ. ಹೆರಿನ್ ಬರೆದುಕೊಳ್ಳುತ್ತ ಹೋದಳು. ಹೊರಗೆ ಬಂದಾಗ ಅವಳ ಪುಸ್ತಕದಲ್ಲಿ ಏಳು ಮುದುಕಿಯರಿಂದ ಏಳು ಒರತೆಗಳಿದ್ದವು.

“ಒಂದು ಗುಡ್ಡದಲ್ಲಿ ಇಷ್ಟು ನೀರಿದ್ರೆ ನಾವೆಲ್ಲ ತೇಲ್ಹೋಗ್ಬೇಕಿತ್ತು,” ಎಂದು ಅವಳು ಅಳುಮುಖ ಮಾಡಿದಳು. “ಅಜ್ಜಿ, ನಿಮಗಾದ್ರೂ ಸರಿಯಾಗಿ ನೆನಪಿದೆಯಾ?”

ದಲ್ಸುನ್‌ಗೆ ನೆನಪಿತ್ತು. ಯಾರೂ ಇದುವರೆಗೆ ಕೇಳಿರಲಿಲ್ಲ, ಅಷ್ಟೆ. ನಡುವೆ ಸೀಳಿದ ಒಂದು ದೊಡ್ಡ ಬಂಡೆ. ಸೀಳಿನ ಎರಡೂ ಕಡೆ ಹಸಿರು ಪಾಚಿ, ಒಳಗೆ ಕಪ್ಪು ನೀರು. ನೀಲಿ ಅಂಚಿನ ತೋಳಿನ ಒಂದು ಕೈ ಸೋರೆ ಬುರುಡೆಯನ್ನು ಅದ್ದಿ ಎತ್ತುತ್ತದೆ. ಬುರುಡೆ ಒಡೆದು ಬಿಳಿ ದಾರದಲ್ಲಿ ಹೊಲಿದದ್ದು. ಹೊಲಿಗೆಯ ಸಂದಿಯಿಂದ ತೊಟ್ಟು ತೊಟ್ಟು ನೀರು ಸೋರಿ ಅವಳ ಪಾದದ ಮೇಲೆ ಬೀಳುತ್ತದೆ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಮೇಲೆ ಯಾರೋ ನಗುತ್ತಾರೆ. ಮುಖ ಕಾಣಿಸುವುದಿಲ್ಲ. ಜ್ವರ ಬಂದಾಗ, ಗಂಡ ಸತ್ತ ವಾರ, ಎಷ್ಟೋ ಮಧ್ಯಾಹ್ನ ಅಂಗಡಿಯ ಕಟ್ಟೆಗೆ ಒರಗಿ ಕಣ್ಣು ಅಂಟಿದಾಗ, ಆ ನೀರು ಬಂದು ಅವಳ ಪಾದ ಮುಟ್ಟಿ ಹೋಗುತ್ತಿತ್ತು.

ಅವಳು ಹೇಳಿ ಮುಗಿಸುವಷ್ಟರಲ್ಲಿ ಹೆರಿನ್ ಕುಣಿಯುವುದೊಂದು ಬಾಕಿ.

“ಇದೇ ಅಜ್ಜಿ, ಇದೇ! ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿಲ್ಲ. ಬಂಡೆ ತೋರ್ಸಿಬಿಡಿ, ಫೋಟೋ ತಗೋತೀನಿ. ಮುದ್ರೆ ಒತ್ತಿದ್ರೆ ಮುಗೀತು.”

ಮೂರು ದಿನ ಹುಡುಕಿದರು. ಗುಡ್ಡದಲ್ಲಿ ಬಂಡೆಗೆ ಬರವಿರಲಿಲ್ಲ. ಪ್ರತಿ ಹಿತ್ತಿಲಿನಲ್ಲೂ ಒಂದು ಬಂಡೆ ಬೆನ್ನು ತೋರಿಸಿಕೊಂಡು ಮಲಗಿತ್ತು. ದಲ್ಸುನ್ ಒಂದೊಂದರ ಮೇಲೂ ಅಂಗೈ ಇಟ್ಟು ನೋಡಿದಳು. ಒಂದರಲ್ಲಿ ಸೀಳಿಲ್ಲ, ಇನ್ನೊಂದರಲ್ಲಿ ಸೀಳಿದೆ, ಒಳಗೆ ಬರೀ ಒಣ ಮಣ್ಣು, ಬೀರಿನ ಬಾಟಲಿ. ಸೊಂಗ್ಜಿನಕ್ಕನ ಗೋಡೆಯ ಹಿಂದಿನ ಬಂಡೆಯಲ್ಲಿ ಪಾಚಿ ಕಂಡಾಗ ಅವಳು ಬಗ್ಗಿ ಕೈ ಹಾಕಿದಳು. ನೋಡಿದರೆ ಅದು ಬಟ್ಟೆ ಒಗೆಯುವ ಯಂತ್ರದ ಕೊಳವೆಯ ನೀರು. ಮೂರನೇ ದಿನ ಮಂಜು ಎಷ್ಟು ದಟ್ಟವಾಯಿತೆಂದರೆ ಅವಳಿಗೆ ತನ್ನ ಕೈಯೇ ನೀಲಿ ಅಂಚಿನ ಕೈಯಾಗಿ ಕಂಡಿತು. ಎಲ್ಲೋ ಹತ್ತಿರದಲ್ಲೇ ನೀರು ತೊಟ್ಟಿಕ್ಕುವ ಸದ್ದು. ಹಿಂಬಾಲಿಸಿ ಹೋದರೆ ಯಾರದೋ ಸೂರಿನಿಂದ ಮಂಜು ಇಳಿಯುತ್ತಿತ್ತು. ಅವಳಿಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು.

ಗುಡ್ಡದ ತುದಿಯ ಮನೆಯಲ್ಲಿ ಮೆಂಗ್ ಅಜ್ಜ ಇದ್ದ. ತೊಂಬತ್ತು ದಾಟಿದವನು, ಬುಕ್ಚೊಂಗ್ ಕಡೆಯವನು. ಹದಿನೇಳರ ಹರೆಯದಲ್ಲಿ ಅದೇ ಹಡಗಿನಲ್ಲಿ ಬಂದು, ಇಪ್ಪತ್ತು ವರ್ಷ ಈ ಗುಡ್ಡಕ್ಕೆ ನೀರು ಹೊತ್ತವನು. ಬೆನ್ನಿಗೆ ಹಲಗೆ ಕಟ್ಟಿ, ಅಡ್ಡೆಯ ಎರಡೂ ತುದಿಗೆ ಡಬ್ಬ ತೂಗಿಸಿ, ಕೆಳಗಿನ ಬೀದಿಯ ನಲ್ಲಿಯಿಂದ ತುದಿಯವರೆಗೆ. ವೃದ್ಧರ ಮನೆಗೆ ಅವನು ಹೋಗುತ್ತಿರಲಿಲ್ಲ. ಮುದುಕಿಯರು ಎಲೆಯಾಟದಲ್ಲಿ ಮೋಸ ಮಾಡುತ್ತಾರೆ ಎಂಬ ಹಳೆಯ ಸಿಟ್ಟು. ಅದಕ್ಕೇ ಅವನನ್ನು ಯಾರೂ ಕೇಳಿರಲಿಲ್ಲ. ದಲ್ಸುನ್ ಮಂಜಿನಲ್ಲಿ ಕೈಯಾಡಿಸುತ್ತ ಅವನ ಜಗುಲಿಗೆ ಬಂದಾಗ ಅವನು ಪರ್ಸಿಮನ್ ಹಣ್ಣಿನ ಸಿಪ್ಪೆ ಹೆರೆದು ಒಣಗಲು ದಾರಕ್ಕೆ ಕಟ್ಟುತ್ತಿದ್ದ.

“ಅಜ್ಜ, ಒರತೆ ಎಲ್ಲಿತ್ತು?”

“ಯಾವ ಒರತೆ?”

“ನಮ್ಮ ದೊಲ್ಸೇಂ.”

ಮೆಂಗ್ ಅಜ್ಜ ಚಾಕು ಕೆಳಗಿಟ್ಟ. ಎಡ ಹೆಗಲಿನ ಅಂಗಿ ಜಾರಿಸಿ ತೋರಿಸಿದ. ಅಲ್ಲಿ ಚರ್ಮ ದಪ್ಪಗಟ್ಟಿ ಸವೆದ ಚಪ್ಪಲಿಯ ಹಾಗಿತ್ತು.

“ಇಲ್ಲಿ ಒರತೆ ಇದ್ದಿದ್ರೆ ಇದು ಯಾಕಾಗ್ತಿತ್ತು ಹೇಳು. ಈ ಗುಡ್ಡದಲ್ಲಿ ಒಂದು ತೊಟ್ಟು ನೀರಿರ್ಲಿಲ್ಲ ಕಣವ್ವ. ಒಂದು ತೊಟ್ಟೂ ಇರ್ಲಿಲ್ಲ.”

“ಎಲ್ಲಾರೂ ಇತ್ತು ಅಂತಾರೆ. ವೊನ್ಸಾನಕ್ಕ ನೀರವಂಜಿ ಮರ ಅಂತಾಳೆ...”

“ಅದು ಅವಳೂರಿಂದು. ಸೊಂಗ್ಜಿನವಳು ಸಮುದ್ರ ಅಂದ್ಲಾ? ಅದು ಅವಳೂರಿಂದು. ಆ ಮುದ್ಕೀರು ಊರಿನ ನೀರು ನೆನೆಸ್ಕೊಂಡು ನೆನೆಸ್ಕೊಂಡು, ಎಲ್ಲೀದು ಅನ್ನೋದನ್ನೇ ಮರೆತವ್ರೆ. ನಂಗೆ ಮರೆಯಕ್ಕೆ ಹೆಗಲು ಬಿಡಲ್ಲ.”

ದಲ್ಸುನ್ ಮೆಟ್ಟಿಲ ಮೇಲೆ ಕೂತಳು. ಅವಳ ಸೀಳುಬಂಡೆಯೂ ಅಷ್ಟೆಯೇ ಹಾಗಾದರೆ? ಹೊಲಿದ ಬುರುಡೆ, ನೀಲಿ ಅಂಚು, ಎಲ್ಲ ಬರೀ ಕನಸೇ? “ನಾನು ಕುಡ್ದಿದೀನಿ ಅಜ್ಜ,” ಎಂದಳು, ಮಗುವಿನ ಹಟದಲ್ಲಿ. “ಅಮ್ಮನ್ನ ಕೇಳಿದ್ದೆ. ಹೂಂ, ಇಲ್ಲೇ ಇತ್ತು, ಬತ್ತಿಹೋಯ್ತು ಅಂದ್ಲು. ಅಮ್ಮ ಸುಳ್ಳು ಹೇಳಲ್ಲ.”

ಕೆಳಗೆ ಬಂದರಿನಲ್ಲಿ ಹಡಗೊಂದು ಮಂಜಿಗೆ ಎಚ್ಚರಿಕೆಯ ಕೊಂಬು ಊದಿತು. ಅದು ನಿಲ್ಲುವವರೆಗೆ ಕಾದು ಮೆಂಗ್ ಅಜ್ಜ ಹೇಳಿದ.

“ನಿಮ್ಮಮ್ಮ ಆಣೆ ಹಾಕಿಸಿದ್ಲು. ಅವಳು ಹೋಗಿ ಮೂವತ್ತು ವರ್ಷ ಆಯ್ತು, ಇನ್ನು ನಾನೂ ಹೊರಡೋನು. ಕೇಳು. ನಾವು ಬಂದ ಮೊದಲ್ನೇ ವಸಂತ. ಹಿಟ್ಟು ಹಂಚಕ್ಕೆ ಹೆಸರು ಬರ್ಕೊಳ್ಳೋ ಗುಮಾಸ್ತ ಬಂದ. ಈ ಜಾಗಕ್ಕೆ ಏನಂತೀರಿ ಅಂದ. ಒಬ್ಬ ಹಾಮ್ಹುಂಗ್ ಹಳ್ಳಿ ಅಂತ ಬರಿ ಅಂದ, ನಾನು ಬುಕ್ಚೊಂಗ್ ಅಂದೆ, ಜಗಳ ಹತ್ಕೊಂತು. ಹಿಟ್ಟಿನ ಆಸೆಗೆ ಬಂದೋರು ಊರಿನ ಹೆಸರಿಗೆ ತಲೆ ಒಡ್ಕೊಳ್ಳೋ ಹಾಗಾಯ್ತು. ಆವಾಗ ನೀನು ನಿಮ್ಮಮ್ಮನ ಬೆನ್ನ ಮೇಲಿದ್ದೆ. ಜ್ವರ. ನೀರು ಕೊಟ್ರೆ ಉಗುಳ್ತಿದ್ದೆ, ನಲ್ಲಿ ನೀರು ಬ್ಯಾಡ ಅಂತ. ದೊಲ್ಸೇಂ ನೀರು, ದೊಲ್ಸೇಂ ನೀರು ಅಂತ ಒಂದೇ ಸಮ ಅತ್ತೆ. ಆ ಅಳು ಕೇಳಿ ಎಲ್ಲಾರೂ ಸುಮ್ನಾಗ್ಬಿಟ್ರು. ಯಾಕಂದ್ರೆ ಕಲ್ಲೊರತೆ ಇಲ್ದಿರೋ ಊರು ಯಾರ್ದಿತ್ತು ಹೇಳು? ಎಲ್ಲಾರಿಗೂ ಅವರವರದ್ದು ಕಣ್ಮುಂದೆ ಬಂತು. ಗುಮಾಸ್ತಂಗೂ ಸಾಕಾಗಿತ್ತು, ದೊಲ್ಸೇಂ ಅಂತ ಗೀಚ್ಕೊಂಡು ಹೋದ. ಅಷ್ಟೇ ಈ ಬಡಾವಣೆ ಹುಟ್ಟಿದ್ದು.”

ಮೆಂಗ್ ಅಜ್ಜ ಕೆಳಗಿಟ್ಟಿದ್ದ ಚಾಕುವನ್ನು ಪಕ್ಕಕ್ಕೆ ಸರಿಸಿದ.

“ಆಮೇಲೆ ನಿಮ್ಮಮ್ಮ ಮನೆ ಮನೆಗೆ ಹೋಗಿ ಬೇಡ್ಕೊಂಡ್ಲು. ಮಗು ಒರತೆ ಕೇಳಿದ್ರೆ ಇಲ್ಲೇ ಇತ್ತು, ಬತ್ತೋಯ್ತು ಅನ್ನಿ. ಅಲ್ಲಿ ಅಂತ ಗೊತ್ತಾದ್ರೆ ಅಲ್ಲೀಗೇ ಹೋಗ್ಬೇಕು ಅಂತ ಅಳುತ್ತೆ, ಅಲ್ಲೀಗೆ ದಾರಿ ಇಲ್ಲ ಅಂತ. ನಾವೆಲ್ಲ ಹಾಗೇ ಹೇಳಿದ್ವಿ. ಹೇಳ್ತಾ ಹೇಳ್ತಾ ನಮಗೇ ನಿಜ ಆಯ್ತು.” ಅವನು ಒಂದು ಹಣ್ಣನ್ನು ದಾರದಿಂದ ಬಿಚ್ಚಿ ಅವಳ ಕೈಗಿಟ್ಟ. “ನೀನು ಕುಡ್ದಿರೋದು ಖರೇನೆ. ಇಲ್ಲಲ್ಲ, ಅಷ್ಟೆ. ನಿನ್ನೂರಲ್ಲಿ.”

ನಿನ್ನೂರಲ್ಲಿ. ಎಪ್ಪತ್ತೇಳು ವರ್ಷದಲ್ಲಿ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ.

ಅವಳು ಮೆಟ್ಟಿಲು ಇಳಿದು ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. ಮಂಜಿನಲ್ಲಿ ಗುಡ್ಡವೇ ಇರಲಿಲ್ಲ, ಪಾದದ ಕೆಳಗೆ ಒಂದೊಂದೇ ಮೆಟ್ಟಿಲು ಹುಟ್ಟಿ ಒಂದೊಂದೇ ಕರಗುತ್ತಿತ್ತು. ಊರಿನ ಹೆಸರನ್ನು ತಾನು ಹೊತ್ತಿದ್ದೇನೆ ಅಂದುಕೊಂಡಿದ್ದಳು. ಈಗ ನೋಡಿದರೆ ಅವಳ ಒರತೆಯ ಹೆಸರನ್ನೇ ಇಡೀ ಊರು ಹೊತ್ತಿತ್ತು. ಅವಳಿಗೆ ತುಂಬ ಸಂತೋಷವಾಯಿತು. ಮರುಗಳಿಗೆ ಸಾಕಿದ ತಾಯಿಯ ಮೇಲೆ ಕೆಟ್ಟ ಸಿಟ್ಟು ಬಂತು, ಆ ಸಿಟ್ಟಿಗೆ ನಾಚಿಕೆಯೂ ಆಯಿತು. ಲಂಗದ ಅಂಚನ್ನು ಬಿಡಿಸಿಕೊಳ್ಳದೆ ಕರೆತಂದವಳು, ಬೇರೊಬ್ಬಳ ಹತ್ತಿರ ಮಗು ವಾಪಸು ಹೋದೀತೆಂದು ಬದುಕಿಡೀ ಹೆದರಿದ್ದಳಲ್ಲ, ಪಾಪ.

ಮಾರನೇ ಬೆಳಿಗ್ಗೆ ಹೆರಿನ್ ಬಂದಳು. ಸಮಿತಿ ಅಂದೇ ಮಧ್ಯಾಹ್ನ ಕೂರುವುದಿತ್ತು. ಅವಳು ಪುಟವನ್ನು ಅಚ್ಚುಕಟ್ಟಾಗಿ ಬರೆದು ತಂದಿದ್ದಳು: ಗುಡ್ಡದ ನಡುವಿನ ಸೀಳುಬಂಡೆಯಲ್ಲಿ ಹಿಂದೆ ಸಿಹಿನೀರಿನ ಒರತೆ ಇತ್ತೆಂದೂ, ಅದರಿಂದಲೇ ಬಡಾವಣೆಗೆ ಈ ಹೆಸರೆಂದೂ, ಈಗ ಅದು ತಡೆಗೋಡೆಯ ಕೆಳಗೆ ಮುಚ್ಚಿಹೋಗಿದೆಯೆಂದೂ.

“ತಡೆಗೋಡೆ ಕೆಳಗೆ ಅಂತ ನಾನೇ ಸೇರಿಸ್ದೆ ಅಜ್ಜಿ. ಯಾರು ಅಗೆದು ನೋಡ್ತಾರೆ? ಇಲ್ಲಿ ಒಂದು ಮುದ್ರೆ ಒತ್ತಿ. ಹೆಸ್ರು ನಿಮ್ದೇ ಆಗಿ ಉಳಿಯುತ್ತೆ.”

ದಲ್ಸುನ್ ಸೇಬಿನ ಪೆಟ್ಟಿಗೆಯ ಗೂಡಿನಿಂದ, ಸಹಿಯ ಬದಲು ಒತ್ತುವ ತನ್ನ ಹೆಸರಿನ ಮರದ ಮುದ್ರೆ ತೆಗೆದಳು. ಗಂಡ ಕೆತ್ತಿಸಿಕೊಟ್ಟದ್ದು. ಕೆಂಪು ಶಾಯಿಯ ಡಬ್ಬಿಯ ಮುಚ್ಚಳ ಬಿಚ್ಚಿದಳು, ಮುದ್ರೆಗೆ ಶಾಯಿ ಒತ್ತಿಕೊಂಡಳು. ಕೈ ಕಾಗದದ ಮೇಲೆ ನಿಂತಿತು. ಒತ್ತಿದರೆ ಹೆಸರು ಉಳಿಯುತ್ತಿತ್ತು, ಅವಳು ಸಾಯುವವರೆಗೆ ದೊಲ್ಸೇಮಕ್ಕನಾಗಿಯೇ ಇರುತ್ತಿದ್ದಳು. ಆದರೆ ಒರತೆ ಇಲ್ಲಿತ್ತು ಎಂದು ಮುದ್ರೆ ಒತ್ತಿದರೆ ಅದು ಅಲ್ಲಿರಲಿಲ್ಲ ಎಂದ ಹಾಗಲ್ಲವೆ? ನೀಲಿ ಅಂಚಿನ ಕೈ ಎಲ್ಲಿ ನಿಲ್ಲಬೇಕು? ಇಷ್ಟು ವರ್ಷದ ಮೇಲೆ ನಿನ್ನೆ ತಾನೇ ಸಿಕ್ಕ ಹೆತ್ತವಳನ್ನು ತಡೆಗೋಡೆಯ ಕೆಳಗೆ ಹೂತುಬಿಡುವುದೆ?

ಅವಳು ಮುದ್ರೆಯನ್ನು ಚಿಂದಿಯಲ್ಲಿ ಒರೆಸಿ ಪಕ್ಕಕ್ಕಿಟ್ಟಳು.

“ಒರತೆ ಇಲ್ಲಿರ್ಲಿಲ್ಲ ಕಣೇ ಮಗಾ. ಹಾಗಂತ ಬರಿ.”

“ಅಜ್ಜಿ!” ಹೆರಿನ್ ಹೆಚ್ಚುಕಡಿಮೆ ಕಿರುಚಿದಳು. “ಹಾಗ್ ಬರೆದ್ರೆ ಹೆಸ್ರು ಹೋಗುತ್ತೆ. ಅಂಗೈಯಲ್ಲಿರೋದನ್ನ ಚೆಲ್ತೀರಲ್ಲ, ತಲೆ ಕೆಟ್ಟಿದೆಯಾ ನಿಮಗೆ?”

“ಕೂತ್ಕೊ. ಹೇಳ್ತೀನಿ.”

ದಲ್ಸುನ್ ಹೇಳಿದಳು: ಗುಮಾಸ್ತ, ಜಗಳ, ಜ್ವರ ಬಂದ ಮಗು, ಆಣೆ. ಬಾರ್ಲಿ ನೀರು ಆರಿ ತಣ್ಣಗಾಯಿತು. ಹೆರಿನ್ ಮೊದಲು ಗಡಿಯಾರ ನೋಡುತ್ತಿದ್ದವಳು ಆಮೇಲೆ ನೋಡುವುದನ್ನು ಬಿಟ್ಟಳು. ಕೊನೆಗೆ ತನ್ನ ಅಚ್ಚುಕಟ್ಟಾದ ಪುಟವನ್ನು ಹರಿದು, ಮೂಗು ಒರೆಸಿಕೊಂಡು, ಶಾವಿಗೆ ಪೆಟ್ಟಿಗೆಯ ಮೇಲೆ ಕಾಗದವಿಟ್ಟು ಹೊಸದಾಗಿ ಬರೆಯತೊಡಗಿದಳು. ಈ ಸಲ ದಲ್ಸುನ್ ಮುದ್ರೆ ಒತ್ತಿದಳು.

ಸಮಿತಿಯವರು ಅದನ್ನು ಗೌರವದಿಂದಲೇ ಓದಿದರಂತೆ. ಒಬ್ಬರು ಕಣ್ಣೊರೆಸಿಕೊಂಡರಂತೆ. ಆಮೇಲೆ, ಮಗುವಿನ ಅಳು ದಾಖಲೆಯಾಗುವುದಿಲ್ಲ ಎಂದು ಹೊಸ ಆಕಾಶಕ್ಕೆ ಕೈಯೆತ್ತಿದರು. ಸಮಿತಿಗಳ ಕಣ್ಣೀರಿಗೆ ಅಷ್ಟೇ ಬೆಲೆ. ಹೊಸ ವರ್ಷದಿಂದ ಕಚೇರಿಯ ಬೋರ್ಡು ಬದಲಾಗುತ್ತದೆಂದು ಹೇಳಲು ಬಂದ ಹೆರಿನ್ ಮೆಟ್ಟಿಲ ಮೇಲೆ ನಿಂತು ದಲ್ಸುನ್‌ಗಿಂತ ಹೆಚ್ಚು ಅತ್ತಳು.

“ಇನ್ಮೇಲೆ ನಿನ್ನ ಆಕಾಶದಕ್ಕ ಅನ್ಬೇಕೇನೇ?” ಎಂದು ವೊನ್ಸಾನಕ್ಕ ಛೇಡಿಸಿದಳು.

ಚಾಂದ್ರಮಾನದ ಒಂಬತ್ತನೇ ತಿಂಗಳ ಒಂಬತ್ತನೇ ದಿನ ಬಂತು. ಆ ಗುಡ್ಡದ ದೊಡ್ಡ ದಿನ ಅದು. ತೀರಿಕೊಂಡ ತಿಥಿ ಗೊತ್ತಿಲ್ಲದವರಿಗೆ ಎಡೆ ಇಡುವುದು ಅಂದೇ. ಗಡಿಯಾಚೆ ಉಳಿದವರ ತಿಥಿ ಯಾರಿಗೆ ಗೊತ್ತು? ಹಾಗಾಗಿ ಬೆಟ್ಟ ಹತ್ತೊಂಬತ್ತರ ಮನೆ ಮನೆಯಲ್ಲೂ ಅವತ್ತು ಒಂದೇ ಹೊತ್ತಿಗೆ ಎಳ್ಳೆಣ್ಣೆ ಕಾಯುತ್ತದೆ, ಮೀನು ಬೇಯುತ್ತದೆ, ಸೇವಂತಿಗೆಯ ಪರಿಮಳ ಮಂಜಿನಲ್ಲಿ ಬೆರೆಯುತ್ತದೆ. ದಲ್ಸುನ್ ಪ್ರತಿ ವರ್ಷ ಅವರಿವರ ಮನೆಗೆ ಹೋಗಿ ದೋಸೆ ಹುಯ್ದುಕೊಟ್ಟು ಬರುತ್ತಿದ್ದಳು. ಆ ದಿನ ತನ್ನ ಮನೆಯಲ್ಲಿ ಎಡೆ ಇಟ್ಟವಳಲ್ಲ. ಎಡೆಯ ಹಿಂದೆ ನಿಲ್ಲಿಸುವ ಕಾಗದದ ಮೇಲೆ ಸತ್ತವರು ಯಾರೆಂದು ಬರೆಯಬೇಕು. ತಾಯಿಯಾದರೆ ಅವಳ ಕುಲದ ಮೂಲ ಊರು, ಆಮೇಲೆ ಕುಲದ ಹೆಸರು. ಎರಡೂ ಗೊತ್ತಿಲ್ಲದವಳು ಯಾರನ್ನೆಂದು ಕರೆದಾಳು? ಊರು ಹೇಳದೆ ಕರೆದರೆ ಯಾವ ತಾಯಿ ಬಂದಾಳು?

ಈ ಸಲ ಅವಳು ಮುಂಜಾನೆಯೇ ಎದ್ದು ಅಂಗಡಿಯ ಕದ ಹಾಕಿ ಅನ್ನ ಮಾಡಿದಳು. ಪೀಠ ಒರೆಸಿದಳು. ಹಣ್ಣು, ಮೀನು, ಸೊಪ್ಪು ಇಟ್ಟಳು. ಅಷ್ಟರಲ್ಲಿ ಕದ ಬಡಿದ ಸದ್ದು. ತೆರೆದರೆ ಮೆಂಗ್ ಅಜ್ಜ, ಬೆನ್ನಿಗೆ ಹಳೆಯ ಚೀಲ ಕಟ್ಟಿಕೊಂಡು, ಬೆವರಿ ತೊಪ್ಪೆಯಾಗಿ ನಿಂತಿದ್ದ. ಚೀಲದಲ್ಲಿ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ.

“ಆಚೆ ಬೆಟ್ಟದ ಬಂಡೆ ನೀರು. ಎರಡು ಬಸ್ಸು ಹತ್ತಿ ತಂದಿದೀನಿ,” ಎಂದ. “ನಲ್ಲಿ ನೀರಿಟ್ಟೀಯ ಮತ್ತೆ. ನೀನು ಉಗುಳಿದ್ದು ನೋಡಿದೀನಿ ನಾನು.”

“ಈ ವಯಸ್ಸಲ್ಲಿ ನೀರು ಹೊರ್ತೀರಲ್ಲ ಅಜ್ಜ, ಬಿದ್ದಿದ್ರೆ?”

“ಬಿದ್ದಿದ್ರೆ ನೀರು ಚೆಲ್ತಿತ್ತು. ಸುಮ್ನೆ ತಗೊ.”

ಅವನು ಒಳಗೆ ಬರಲಿಲ್ಲ. ಅವನ ಮನೆಯಲ್ಲೂ ಎಡೆ ಕಾದಿತ್ತು.

ದಲ್ಸುನ್ ಬಟ್ಟಲಿಗೆ ನೀರು ಸುರಿದು ಎಡೆಯ ನಡುವೆ ಇಟ್ಟಳು. ಬಿಳಿಯ ಕಾಗದದ ಪಟ್ಟಿ ಕತ್ತರಿಸಿದಳು. ಕುಂಚವನ್ನು ಶಾಯಿಯಲ್ಲಿ ಅದ್ದಿದಳು. ಮೂಲ ಊರು ಬರೆಯುವ ಜಾಗದಲ್ಲಿ ಅವಳು, ನಿಧಾನವಾಗಿ, ಶಾಲೆಯ ಹುಡುಗಿಯ ದುಂಡಕ್ಷರದಲ್ಲಿ, ದೊಲ್ಸೇಂ ಎಂದು ಬರೆದಳು. ಕುಲದ ಹೆಸರಿನ ಜಾಗ ಬಿಟ್ಟಳು. ಅದರ ಕೆಳಗೆ ‘ಅಮ್ಮ’ ಎಂದು ಬರೆದಳು.

ಕಾಗದವನ್ನು ಎಡೆಯ ಹಿಂದೆ ನಿಲ್ಲಿಸಿ, ಎರಡು ಸಲ ಅಡ್ಡಬಿದ್ದಳು. ಎದ್ದು, ಆತ್ಮ ಒಳಗೆ ಬರಲೆಂದು ಕದವನ್ನು ಒಂದಿಷ್ಟು ತೆರೆದಿಟ್ಟಳು. ಹೊರಗೆ ಮಂಜಿನಲ್ಲಿ ಮನೆ ಮನೆಯ ಕದಗಳೂ ಹಾಗೆಯೇ ತೆರೆದಿದ್ದವು. ಎಲ್ಲಿಂದಲೋ ವೊನ್ಸಾನಕ್ಕ, ಎಲ್ಲಿಂದಲೋ ಸೊಂಗ್ಜಿನಕ್ಕ ತಮ್ಮವರನ್ನು ಗಟ್ಟಿಯಾಗಿ ಊಟಕ್ಕೆ ಕರೆಯುತ್ತಿದ್ದರು. ದಲ್ಸುನ್ ಹೊಸಿಲಲ್ಲಿ ನಿಂತು, ಬಾಯಿಗೆ ಕೈ ಅಡ್ಡಹಿಡಿದು, ಜೀವಮಾನದಲ್ಲಿ ಮೊದಲ ಸಲ ತಾನೂ ಕರೆದಳು.

“ಅಮ್ಮಾ, ನಾನು ಇಲ್ಲಿದೀನಿ. ಬಾ, ಅನ್ನ ಆರೋಗುತ್ತೆ.”